ಅಂಪೈರಿಗೆ ಕೇಳಬೇಕಾದ ದನಿ

ಕಾರ್ಕಳದ ಮೈದಾನದ ವೇದಿಕೆಯಲ್ಲಿ, ಕ್ರೀಡಾ ಸಂಘದ ಅಧ್ಯಕ್ಷರ ಮಗ್ಗುಲಿಗೆ, ದಾಮೋದರ ಸನ್ಮಾನದ ಶಾಲು ಜಾರದಂತೆ ಕುಳಿತಿದ್ದ. ಅವನ ಎಡಗೈ ಮೊಣಕೈವರೆಗೆ ಮಾತ್ರ ಇತ್ತು. ಉಳಿದದ್ದನ್ನು ಹೆಂಚಿನ ಕಾರ್ಖಾನೆಯ ಯಂತ್ರ ಎಂದೋ ನುಂಗಿತ್ತು. ಒಂದೇ ಕೈಯಲ್ಲಿ ವಾಲಿಬಾಲ್ ಆಡಿ ಹೆಸರಾದವನು ಈಗ ಉಡುಪಿ, ಕಾಪು ಎಂದು ಊರೂರು ಸುತ್ತಿ ಭಾಷಣ ಮಾಡುತ್ತಿದ್ದ. "ಆಟದ ಅಂಗಳ ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ" ಎಂಬ ಅವನ ಮಾತಿಗೆ ಈ ಬೆಳಿಗ್ಗೆಯೂ ಚಪ್ಪಾಳೆ ಬಿದ್ದಿತ್ತು. ಶುಕ್ರವಾರ ಮಣಿಪಾಲದ ದೊಡ್ಡ ಸಭೆಗೆ ಅವನ ಹೆಸರು ಸೂಚಿಸಿದವರೂ ಇದೇ ಅಧ್ಯಕ್ಷರು.

ಅಂಗಳದಲ್ಲಿ 2003ರ ಮಹಿಳಾ ಕಬಡ್ಡಿಯ ಸೆಮಿಫೈನಲ್. ಇನ್ನಂಜೆ ತಂಡ ಉಚ್ಚಿಲಕ್ಕಿಂತ ಒಂದು ಅಂಕ ಹಿಂದೆ. ಇನ್ನಂಜೆಯ ರೈಡರ್ ಶೈಲಶ್ರೀಗೆ ಹುಟ್ಟಿನಿಂದಲೂ ಕಿವಿ ಕೇಳಿಸದು. ಅವಳ ಬಾಯಲ್ಲಿ ಕಬಡ್ಡಿ ಎಂಬುದು ಮಸುಕಾಗಿ ಬರುತ್ತಿತ್ತು, ಆದರೆ ಉಸಿರು ತುಂಡಾಗುತ್ತಿರಲಿಲ್ಲ. ಉಚ್ಚಿಲದವರು ಆಕ್ಷೇಪವೆತ್ತಿದರು. ಅಂಪೈರ್ ರಘುವೀರ ಸೀಟಿ ಊದಿದ.

"ಕಬಡ್ಡಿ ಹೇಳಿದ್ದು ನನಗೆ ಕೇಳಿಸಲಿಲ್ಲ. ಇದು ಎಚ್ಚರಿಕೆ. ಇನ್ನೊಮ್ಮೆ ಹೀಗಾದರೆ ಔಟ್."

ಶೈಲಶ್ರೀಯ ತಾಯಿ ಸೋಮವ್ವ, ಕಟ್ಟಡದ ಕೆಲಸಕ್ಕೆ ರಜೆ ಹಾಕಿ ಬಂದವಳು, ಹಗ್ಗದ ಬಳಿ ಎದ್ದು ನಿಂತಳು.

"ಆಕಿ ಉಸಿರು ಬಿಟ್ಟಿಲ್ರೀ ಸಾಹೇಬ್ರ. ಮೈಕಿನಾಗ ಅಂವಾ ಒಂದ ಸವನ ಒದರಾಕತ್ತಾನ. ನನ್ನ ಮಗಳ ದನಿ ನಿಮಗ ಹೆಂಗ ಕೇಳಬೇಕ್ರೀ?"

"ಒದರುವುದಕ್ಕೇ ನನ್ನನ್ನು ಕರೆಸಿದ್ದು ಅಮ್ಮ," ಎಂದ ವೀಕ್ಷಕ ವಿವರಣೆಯ ರೇಮಂಡ್, ಮೈಕಿನಲ್ಲೇ. ಜನ ನಕ್ಕರು.

ದಾಮೋದರನಿಗೆ ನಗು ಬರಲಿಲ್ಲ. ಎರಡು ದೊಡ್ಡ ಧ್ವನಿವರ್ಧಕಗಳು ನೇರ ಅಂಗಳಕ್ಕೇ ಬಾಯಿ ತೆರೆದಿದ್ದವು.

"ಅಧ್ಯಕ್ಷರೇ, ಎರಡು ನಿಮಿಷ ಮೈಕ್ ನಿಲ್ಲಿಸಲು ಹೇಳಿ."

"ಎಂತ ಮಾರಾಯ್ರೆ, ಪ್ರಾಯೋಜಕರ ಹೆಸರು ಹೇಳಲಿಕ್ಕುಂಟು. ಊಟದ ಮೇಲೆ ನಿಮ್ಮ ಭಾಷಣ ಉಂಟಲ್ಲ, ಆಗ ಹೇಳಿ." ಅವರು ದನಿ ತಗ್ಗಿಸಿದರು. "ಶುಕ್ರವಾರದ್ದು ನೆನಪುಂಟು, ಅಲ್ವಾ?"

ದಾಮೋದರ ಅಂಗಳದತ್ತ ತಿರುಗಿದ. ಮಧ್ಯಗೆರೆಯಲ್ಲಿ ನಿಂತ ಶೈಲಶ್ರೀ, ನಡೆಯುತ್ತಿರುವುದೇನೆಂದು ತಿಳಿಯದೆ, ಒಬ್ಬೊಬ್ಬರ ತುಟಿಯನ್ನೂ ನೋಡುತ್ತಿದ್ದಳು. ಬೆಳಿಗ್ಗೆ ಅವನ ಭಾಷಣ ಮುಗಿದಾಗಲೂ ಹಾಗೆಯೇ, ಸುತ್ತಲಿನವರ ಕೈ ನೋಡಿಕೊಂಡು, ಅವಳು ಚಪ್ಪಾಳೆ ತಟ್ಟಿದ್ದಳು. ಅದು ಅವನಿಗೆ ಈಗ ನೆನಪಾಯಿತು.

ಅವನು ಎದ್ದ. ಶಾಲು ಕುರ್ಚಿಯಲ್ಲೇ ಉಳಿಯಿತು. ಮೆಟ್ಟಿಲಿಳಿದು ರೇಮಂಡನ ಮುಂದೆ ಕೈ ಚಾಚಿದ. ಅತಿಥಿಗಳು ಏನೋ ನಾಲ್ಕು ಮಾತಾಡುತ್ತಾರೆಂದುಕೊಂಡು ರೇಮಂಡ್ ಮೈಕ್ ಕೊಟ್ಟುಬಿಟ್ಟ.

"ಈ ಹುಡುಗಿಯ ದನಿ ಅಂಪೈರಿಗೆ ಕೇಳಬೇಕು," ಎಂದ ದಾಮೋದರ. "ರೈಡ್ ಮುಗಿಯುವ ತನಕ ಎಲ್ಲರೂ ಸುಮ್ಮನಿರಿ. ನಾನೂ ಇರುತ್ತೇನೆ."

ಹೆಬ್ಬೆರಳಿನಿಂದ ಮೈಕಿನ ಗುಂಡಿ ಆರಿಸಿದ.

ರಸ್ತೆಯ ಬಸ್ಸಿನ ಸದ್ದು ಮೈದಾನಕ್ಕೆ ಕೇಳಿಸಿತು. ರಘುವೀರ ಎರಡು ಹೆಜ್ಜೆ ಹತ್ತಿರ ಬಂದು ಕೈ ಬೀಸಿದ. ಶೈಲಶ್ರೀ ಉಸಿರೆಳೆದು ಗೆರೆ ದಾಟಿದಳು.

"ಅಬಡ್ಡಿ, ಅಬಡ್ಡಿ, ಅಬಡ್ಡಿ..."

ಉಚ್ಚಿಲದ ಇಬ್ಬರು ಅವಳ ಪಾದ ಹಿಡಿದರು. ಅವಳು ಬಿದ್ದಳು, ಇಬ್ಬರನ್ನೂ ಎಳೆದುಕೊಂಡು ಮಣ್ಣಿನಲ್ಲಿ ತೆವಳಿದಳು. ದನಿ ಸಣ್ಣದಾಯಿತು, ನಿಲ್ಲಲಿಲ್ಲ. ರಘುವೀರ ಮೊಣಕಾಲೂರಿ ಅವಳ ಬಾಯಿಯ ಬಳಿ ಕಿವಿಯಿಟ್ಟ. ಅವಳ ಬೆರಳ ತುದಿ ಸುಣ್ಣದ ಮಧ್ಯಗೆರೆಯನ್ನು ಮುಟ್ಟಿತು.

ಅವನು ಎದ್ದು, ಇನ್ನಂಜೆಯ ಕಡೆಗೆ ಎರಡು ಬೆರಳೆತ್ತಿದ.

ವೇದಿಕೆಯಲ್ಲಿ ಅಧ್ಯಕ್ಷರು ಖಾಲಿ ಕುರ್ಚಿಯ ಶಾಲನ್ನು ಮಡಚಿ, ಅಲ್ಲಿ ತಮ್ಮ ಚೀಲವಿಟ್ಟುಕೊಂಡರು. ರೇಮಂಡ್ ಮೈಕಿಗಾಗಿ ಕೈ ಚಾಚಿದ. ದಾಮೋದರ ಕೊಡಲಿಲ್ಲ. ಆಟ ಮುಗಿಯಲು ಇನ್ನೂ ಒಂದು ನಿಮಿಷವಿತ್ತು.