ಬೀದಿಗೆ ಬಂದ ಕಚೇರಿ

ಅಂಗವಿಕಲರ ಹಕ್ಕುಗಳ ಕಚೇರಿಗೆ ಟೆಲಿಫೋನ್ ಆಪರೇಟರಾಗಿ ಆಯ್ಕೆಯಾದವಳು ಗಾಲಿಕುರ್ಚಿಯಲ್ಲಿ ಕೂತು ಚಕ್ರ ತಳ್ಳಿಕೊಂಡು ಬಂದು ನೋಡಿದರೆ ಬಾಗಿಲ ಮುಂದೆ ಮೆಟ್ಟಿಲು. ಬಾಗಿಲ ಮೇಲೆ ಅಗಲವಾದ ಮರದ ಬೋರ್ಡು: ‘ಎಲ್ಲರಿಗೂ ಮುಕ್ತ ಪ್ರವೇಶ’. ಓದಿ ಅವಳಿಗೆ ಮೈಯೆಲ್ಲ ಉರಿಯಿತು. ಸಂಜೆಯೊಳಗೆ ಹಾಜರಿ ಹಾಕದಿದ್ದರೆ ಕೆಲಸ ಇನ್ನೊಬ್ಬರ ಪಾಲು.

ಕಚೇರಿಯ ಸಾಹೇಬರದು ಬೆಣ್ಣೆಯಂಥ ಮನಸ್ಸು. ಇಳಿಜಾರು ದಾರಿ ಎಲ್ಲಿ ಎಂದು ಅವಳು ಕೇಳಿದಾಗ ಕರಗಿಯೇ ಹೋದರು.

"ಅದಕ್ಕೆ ಸಮಿತಿ ಇದೆಯಮ್ಮ, ಇನ್ನೂ ಚರ್ಚೆ ನಡೀತಿದೆ. ನೀವ್ಯಾಕೆ ಒಳಗೆ ಬರೋ ಕಷ್ಟ ತಗೋತೀರಿ? ನಾವೇ ಹೊರಗೆ ಬರ್ತೀವಿ."

ಜವಾನ ಅವಳ ಮೇಜನ್ನು ಬೀದಿಗೆ ಹೊತ್ತು ತಂದ. ಉದ್ದನೆಯ ವಯರು ಎಳೆದುಕೊಂಡು ಫೋನೂ ಬಂತು. ಅವಳೊಬ್ಬಳನ್ನೇ ಹೊರಗೆ ಕೂರಿಸಿದರೆ ಭೇದಭಾವವಾದೀತೆಂದು ಗುಮಾಸ್ತರು ಬಂದರು, ಅವರ ಹಿಂದೆ ಬೀರು, ಬೀರುವಿನ ಹಿಂದೆ ಸಾಹೇಬರು. ಹಳೇ ಸಾಮಾನು ಮಾರುತ್ತಿದ್ದಾರೆಂದುಕೊಂಡ ದಾರಿಹೋಕನೊಬ್ಬ ಬೀರುವಿನ ರೇಟು ಕೇಳಿದ. ಗುಮಾಸ್ತರು ಮರ್ಯಾದೆ ಬಿಟ್ಟು ಚೌಕಾಸಿಗಿಳಿದರು.

ಸಂಜೆ ಅವಳು ಹಾಜರಿ ಕೇಳಿದಳು. ಸಾಹೇಬರು ತಲೆ ಕೆರೆದುಕೊಂಡರು.

"ಹಾಜರಿ ಕಚೇರಿ ಒಳಗೇ ಹಾಕ್ಬೇಕಲ್ಲಮ್ಮ, ರೂಲ್ಸು."

ಅಷ್ಟರಲ್ಲಿ ಸಾಮಾನು ಒಳಗೆ ಸಾಗತೊಡಗಿತ್ತು. ಮೇಜು ಹೋಯಿತು, ಬೀರು ಹೋಯಿತು. ಕಾಲು ಮುರಿದ ಕುರ್ಚಿಯೊಂದನ್ನು ಜವಾನ ಎಳೆಮಗುವಿನಂತೆ ಎತ್ತಿಕೊಂಡು ಹೋದ. ಅವಳಿಗೆ ದುಃಖ ಉಕ್ಕಿ ಬಂತು. ಫೋನನ್ನು ತೊಡೆಯ ಮೇಲಿಟ್ಟು ಅಪ್ಪಿಕೊಂಡಳು.

"ಕಾಲು ಮುರಿದ ಕುರ್ಚಿಗೂ ಒಳಗೆ ಜಾಗ ಇದೆ, ಸಾರ್. ನಾನು ಹೋಗದೆ ಈ ಫೋನೂ ಹೋಗಲ್ಲ."

ಸಾಹೇಬರು ಬೆವರಿದರು. ಮೇಲಧಿಕಾರಿ ಫೋನ್ ಮಾಡುವ ಹೊತ್ತಾಗುತ್ತಿತ್ತು. "ಏನು ಮಾಡೋಣ ಹೇಳಿ," ಎಂದರು.

"ಆ ಬೋರ್ಡು ಇಳಿಸಿ, ಮೆಟ್ಟಿಲ ಮೇಲೆ ಹಾಸಿ."

"ಅಯ್ಯೋ, ಅದನ್ನ ಮಂತ್ರಿಗಳು ಉದ್ಘಾಟಿಸಿದ್ದಮ್ಮ. ಅದರ ಮೇಲೆ ಚಕ್ರ ಹತ್ತಿಸ್ತೀರಾ?"

"ಅಲ್ಲಿ ಬರೆದಿರೋದು ಅದನ್ನೇ ಅಲ್ವಾ ಸಾರ್?"

ಜವಾನ ಅಪ್ಪಣೆಗೆ ಕಾಯಲಿಲ್ಲ. ಬೋರ್ಡನ್ನು ಇಳಿಸಿ, ಅಕ್ಷರ ಮೇಲಾಗಿ ಹಾಸಿ, ಗಾಲಿಕುರ್ಚಿಯನ್ನು ಹಿಂದಿನಿಂದ ತಳ್ಳಿದ. ಅವಳು ‘ಎಲ್ಲರಿಗೂ’ ಹತ್ತಿ, ‘ಮುಕ್ತ’ ದಾಟಿ, ‘ಪ್ರವೇಶ’ದ ತುದಿಯಲ್ಲಿ ಹೊಸ್ತಿಲು ಮುಟ್ಟಿದಳು. ಅಕ್ಷರಗಳ ಬಣ್ಣ ಎದ್ದು ಚಕ್ರಕ್ಕೆ ಮೆತ್ತಿಕೊಂಡಿತು.

ಹಾಜರಿ ಹಾಕುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮೇಲಧಿಕಾರಿಯಲ್ಲ, ಯಾರೋ ಹೆಂಗಸು.

"ನನ್ನ ಮಗನೂ ಗಾಲಿಕುರ್ಚೀಲಿ ಇರೋದು. ನಿಮ್ಮಲ್ಲಿ ಒಳಗೆ ಬರೋಕಾಗುತ್ತಾ?"

ಅವಳು ಬಾಗಿಲತ್ತ ನೋಡಿದಳು. ಸಾಹೇಬರು ಬೋರ್ಡಿನ ಒಂದು ತುದಿ ಹಿಡಿದು ಎತ್ತಲು ಹೆಣಗುತ್ತಿದ್ದರು. ಇನ್ನೊಂದು ತುದಿಯ ಮೇಲೆ ಜವಾನ ಆರಾಮಾಗಿ ಕೂತಿದ್ದ.

"ಆಗುತ್ತೆ ಅಕ್ಕ," ಎಂದಳು. "ಈಗಲೇ ಹೊರಡಿ."