ನಲವತ್ತು ಸೆಕೆಂಡಿನ ಸುತ್ತು

ವಿಲ್ಫ್ ಟ್ರಾಟ್ ಹಗ್ಗದ ಮೇಲಿನ ಕರಿ ಕಾಲುಚೀಲ ಇಳಿಸಿ ಹೆಗಲಿಗೆ ಹಾಕಿಕೊಂಡ. ಬಟ್ಟೆ ಕ್ಲಿಪ್ಪುಗಳನ್ನು ಒಂದೊಂದಾಗಿ ಬೆಳ್ಳಿಯ ಕಪ್ಪಿನೊಳಗೆ ಹಾಕಿದ. ಕಪ್ಪಿನ ಮೈಮೇಲೆ ‘ಐನೂರು ಮೈಲಿ, ೨೫೦ ಸಿಸಿ ವರ್ಗ, ೧೯೬೪’ ಎಂದು ಕೆತ್ತಿತ್ತು. ಗೆದ್ದ ಮರುವರ್ಷವೇ ಹೆಂಡತಿ ಎನಿಡ್ ಅದನ್ನು ಹಿತ್ತಲಿಗೆ ತಂದು ಕ್ಲಿಪ್ಪಿಗೆ ಇಟ್ಟುಕೊಂಡಿದ್ದಳು. ಈವತ್ತು ಹನ್ನೊಂದಕ್ಕೆ ಅವಳ ಅಂತ್ಯಕ್ರಿಯೆ.

“ಅಪ್ಪ, ಒದ್ದೆ ಕಾಲುಚೀಲ ಹಾಕ್ಕೋಬೇಡ,” ಅಂದಳು ಮಗಳು ಲೋರ್ನಾ, ಬಾಗಿಲಲ್ಲಿ ನಿಂತು. ಅವಳ ಕೈಯಲ್ಲಿ ಎನಿಡ್‌ಳ ಹಳೇ ರಟ್ಟಿನ ಹಲಗೆ, ಅದಕ್ಕೆ ಸಿಕ್ಕಿಸಿದ, ಪಂದ್ಯದ ಸುತ್ತುಗಳನ್ನು ಎಣಿಸಿದ ಪಟ್ಟಿ. “ಇದನ್ನ ಅಮ್ಮನ ಶವಪೆಟ್ಟಿಗೆ ಮೇಲೆ ಇಡೋಣ ಅಂತ. ಹಿಂದುಗಡೆ ಏನೋ ಇದೆ ನೋಡು.”

ಹಿಂದೆ ಒಂದು ಲಕೋಟೆ. ಮೇಲೆ ಪಂದ್ಯ ನಡೆಸಿದ ಕ್ಲಬ್ಬಿನ ಕಾರ್ಯದರ್ಶಿಯ ವಿಳಾಸ, ಮೂರು ಪೆನ್ನಿಯ ಅಂಚೆಚೀಟಿ. ಬಾಯಿ ಅಂಟಿಸಿರಲಿಲ್ಲ. ವಿಲ್ಫ್ ನಿಂತಲ್ಲೇ ಓದಿದ. ಮತ್ತೊಮ್ಮೆ ಓದಿದ. ಕೋಟಿನ ಜೇಬಿಗೆ ಇಳಿಸಿ, ಒದ್ದೆ ಕಾಲುಚೀಲವನ್ನೇ ಹಾಕಿಕೊಂಡ.

⁂

೧೯೬೪ರ ಆ ಪಂದ್ಯ ನಡೆದದ್ದು ಹಳೇ ವಿಮಾನ ನಿಲ್ದಾಣದಲ್ಲಿ. ಅಂಗಡಿಯಲ್ಲಿ ಮಾರುವಂಥ ಬೈಕನ್ನೇ, ದೀಪ ಹಾರನ್ ಸಮೇತ, ಓಡಿಸಬೇಕು. ಒಂದು ಬೈಕಿಗೆ ಸರದಿಯಂತೆ ಇಬ್ಬರು ಸವಾರರು, ಐನೂರು ಮೈಲಿ. ಪಂದ್ಯ ಶುರುವಾಗಿ ವಿಲ್ಫ್ ರಸ್ತೆ ದಾಟಿ ಬೈಕಿನತ್ತ ಓಡಿ ಬಂದು ಒಂದೇ ಒದೆತಕ್ಕೆ ಎಂಜಿನ್ ಎಬ್ಬಿಸಿದಾಗ ಎನಿಡ್ ಬೋರಲು ಹಾಕಿದ ಡಬ್ಬದ ಮೇಲೆ ಕೂತಿದ್ದಳು. ಬೈಕು ಸುತ್ತು ಮುಗಿಸಿದಾಗಲೆಲ್ಲ ಒಂದು ಗೀಟು, ಪಕ್ಕದಲ್ಲಿ ಗಡಿಯಾರದ ಸಮಯ. ಏಳು ಗಂಟೆಗಳ ಕಾಲ ಅವಳು ಅಲ್ಲಿಂದ ಎದ್ದದ್ದೇ ಕಡಮೆ.

ಮಧ್ಯಾಹ್ನ ಗಾಳಿಮಳೆ ಹೊಡೆದು ಅಧಿಕಾರಿಗಳ ಡೇರೆ ಮಲಗಿತು, ಅವರ ಶಾಯಿಯ ಪಟ್ಟಿ ತೊಳೆದುಹೋಯಿತು. ಸಣ್ಣ ಬೈಕುಗಳ ವರ್ಗಕ್ಕೆ ತಂಡಗಳು ತಾವೇ ಬರೆದಿಟ್ಟ ಪಟ್ಟಿಯೇ ಗತಿ. ಎದುರಾಳಿ ಕ್ಲೈವ್ ಮ್ಯಾಬಟ್‌ನ ಪಟ್ಟಿ ಬರೆಯುತ್ತಿದ್ದ ಅವನ ಅಣ್ಣ ನಾಲ್ಕನೇ ಗಂಟೆಗೇ ನಿದ್ದೆಹೋಗಿದ್ದ. ಎನಿಡ್‌ಳ ಪಟ್ಟಿ ಮೇಣಬಟ್ಟೆಯಡಿ ಬೆಚ್ಚಗೆ, ಮುತ್ತು ಪೋಣಿಸಿದ ಹಾಗೆ ಇತ್ತು. ವಿಲ್ಫ್ ಅರ್ಧ ಸುತ್ತಿನಿಂದ ಗೆದ್ದ. ತನ್ನ ಬೈಕಿನಂಗಡಿಯ ಹಲಗೆಯ ಮೇಲೆ ‘ಐನೂರು ಮೈಲಿ ವಿಜೇತ’ ಎಂದು ಬರೆಸಿದ. ಅದಾದ ಮೇಲೆ ಅವನು ಯಾವುದನ್ನೂ ಗೆಲ್ಲಲಿಲ್ಲ.

⁂

ಇಗರ್ಜಿಯಿಂದ ಬಂದವರಿಗೆ ಲೋರ್ನಾ ಚಹಾ, ಹ್ಯಾಮಿನ ಸ್ಯಾಂಡ್‌ವಿಚ್ ಹಂಚಿದಳು. ಕ್ಲೈವ್ ಎರಡು ಊರುಗೋಲೂರಿ ಬಂದು ವಿಲ್ಫ್‌ನ ಪಕ್ಕ ಕೂತ.

“ಒಳ್ಳೆ ಹೆಂಗಸು ಕಣೋ. ಕೈ ಬರಹ ಎಷ್ಟು ಚೆಂದ,” ಅಂದ. “ಆದ್ರೂ ಆ ಪಂದ್ಯ ನಾನೇ ಗೆದ್ದಿದ್ದು.”

“ಈವತ್ತೂ ಬಿಡಲ್ವಾ ಕ್ಲೈವ್ ಮಾಮ?” ಅಂದಳು ಲೋರ್ನಾ.

“ಪ್ರತಿ ಕ್ರಿಸ್‌ಮಸ್ ಊಟದಲ್ಲೂ ಹೇಳ್ತಿದ್ದೆ. ನಿಮ್ಮಮ್ಮ ನಗ್ತಾ ನನಗೆ ದೊಡ್ಡ ಹೋಳು ಕೇಕ್ ಹಾಕ್ತಿದ್ದಳು.”

ಆ ದೊಡ್ಡ ಹೋಳು ಯಾಕೆ ಅಂತ ವಿಲ್ಫ್‌ಗೆ ಈಗ ತಿಳಿಯಿತು. ಜೇಬಿನ ಮೇಲೆ ಕೈಯಿಟ್ಟ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅಂಗಡಿಯ ಹಲಗೆ ಇನ್ನೂ ಅಲ್ಲೇ ಇದೆ. ಅವನು ಲಕೋಟೆ ತೆಗೆದು ಕ್ಲೈವ್‌ನ ತೊಡೆಯ ಮೇಲಿಟ್ಟ.

ಕ್ಲೈವ್ ಕನ್ನಡಕ ಹುಡುಕಿ ಓದಿದ: ‘ಪೆಟ್ರೋಲಿಗೆ ಮೂರನೇ ಸಲ ನಿಂತಾಗ ನಮ್ಮ ಬೈಕು ಮುಕ್ತಾಯದ ಗೆರೆಗಿಂತ ಒಂದು ಮಾರು ಹಿಂದೆ ನಿಂತಿತ್ತು. ಬಂದಾಗ ಒಂದು ಗೀಟು ಹಾಕಿದೆ. ಹೊರಟು ಗೆರೆ ದಾಟಿದಾಗ ಇನ್ನೊಂದು ಹಾಕಿದೆ. ಮನೆಯಲ್ಲಿ ಸಮಯ ನೋಡಿದರೆ ಆ ಎರಡು ಗೀಟಿನ ನಡುವಿನ ಸುತ್ತು ನಲವತ್ತು ಸೆಕೆಂಡಿನದು. ಅಲ್ಲಿ ಸುತ್ತಿಗೆ ಎರಡು ನಿಮಿಷ ಬೇಕು. ಒಂದೇ ಸುತ್ತನ್ನು ಎರಡು ಸಲ ಎಣಿಸಿದ್ದೇನೆ. ಕಪ್ಪು ಕ್ಲೈವ್ ಮ್ಯಾಬಟ್‌ಗೆ ಸೇರಬೇಕು.’ ಲಕೋಟೆಯ ಬೆನ್ನಿಗೆ ಪೆನ್ಸಿಲಿನಲ್ಲಿ: ‘ವಿಲ್ಫ್ ಕಪ್ಪನ್ನು ಹಾಸಿಗೆಯ ಪಕ್ಕ ಇಟ್ಟುಕೊಂಡು ಮಲಗುತ್ತಾನೆ. ಮುಂದಿನ ವಾರ ಅಂಚೆಗೆ ಹಾಕುತ್ತೇನೆ.’

ಕ್ಲೈವ್ ಕಾಗದವನ್ನು ಲಕೋಟೆಗೆ ಸೇರಿಸಿ ವಿಲ್ಫ್‌ಗೆ ಹಿಂದಕ್ಕೆ ಕೊಟ್ಟ.

“ಅಂಚೆಗೆ ಹಾಕಬೇಡ ಕಣೋ,” ಅಂದ. “ನಲವತ್ತು ವರ್ಷ ಗೊಣಗಿದೀನಿ. ಇನ್ಮೇಲೆ ಏನು ಮಾತಾಡ್ಲಿ?”

“ಗೆದ್ದೆ ಅಂತ ಮಾತಾಡು.”

“ಅದರಲ್ಲೇನಿದೆ ರುಚಿ? ಆ ಕಾರ್ಯದರ್ಶಿನೂ ಸತ್ತೋದ.”

“ಕ್ಲಬ್ಬಿದೆಯಲ್ಲ. ಅವಳು ಇಷ್ಟು ನೀಟಾಗಿ ಬರೆದಿಟ್ಟಿದ್ದನ್ನ ನಾನು ಒಲೆಗೆ ಹಾಕ್ಲಾ?” ವಿಲ್ಫ್ ಎದ್ದ. “ಲೋರ್ನಾ, ಒಂದು ಅಂಚೆಚೀಟಿ ಕೊಡಮ್ಮ.”

ಹಿತ್ತಲಿಗೆ ಹೋಗಿ ಕಪ್ಪು ತಂದು ಕ್ಲೈವ್‌ನ ಕೈಗಿತ್ತ.

“ಕ್ಲಿಪ್ಪು ತೆಗಿಯೋ!”

“ಇರ್ಲಿ. ನಿನ್ನ ಮನೇಲೂ ಬಟ್ಟೆ ಒಣಗಿಸ್ತೀರಲ್ಲ.”

ಇಬ್ಬರೂ ಮೂಲೆಯ ಕೆಂಪು ಅಂಚೆಪೆಟ್ಟಿಗೆವರೆಗೆ ನಡೆದರು. ಒಂದು ಊರುಗೋಲನ್ನು ವಿಲ್ಫ್ ಹಿಡಿದುಕೊಂಡಿದ್ದ. ಕ್ಲೈವ್‌ನ ಕಂಕುಳಲ್ಲಿದ್ದ ಕಪ್ಪಿನೊಳಗೆ ಕ್ಲಿಪ್ಪುಗಳು ಹೆಜ್ಜೆಹೆಜ್ಜೆಗೂ ಗಲಗಲ ಎನ್ನುತ್ತಿದ್ದವು. ಒದ್ದೆ ಕಾಲುಚೀಲ ಕಾಲಲ್ಲೇ ಒಣಗಿತ್ತು. ವಿಲ್ಫ್ ಲಕೋಟೆಯ ಬಾಯಿ ಮುಚ್ಚಿ, ಹಳೇ ಚೀಟಿಯ ಪಕ್ಕ ಹೊಸದನ್ನು ಅಂಟಿಸಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಎನಿಡ್‌ಳ ಅಕ್ಷರಗಳನ್ನು ಪೆಟ್ಟಿಗೆಯ ಬಾಯಿಗೆ ಹಿಡಿದು ಬಿಟ್ಟ. ಒಳಗೆ ಕಾಗದ ಕಾಗದದ ಮೇಲೆ ಬಿದ್ದ ಮೆತ್ತನೆಯ ಸದ್ದು ಇಬ್ಬರಿಗೂ ಕೇಳಿಸಿತು.