ಗ್ರೇಡಿ ಸಾಹೇಬನ ನಾಯಿ ಹೆಸರು

"ಏಯ್ ಮುಂಡೇವಾ, ಕೋಳಿ ಸಿಕ್ಕಾಕ್ಕೊಂಡೈತೆ, ಕಣ್ಣೇನು ಇಂಗೋಗವಾ? ವರ್ಲೀನ್! ಒತ್ತೇ, ಬ್ಯಾಂಜೊ ಒತ್ತು!"

ಕೋಳಿ ಕಾರ್ಖಾನೆಯ ಗಾಜಿನ ಕೋಣೆಯಿಂದ ತಲೆ ಹೊರಹಾಕಿ ಮೇಲ್ವಿಚಾರಕ ಗ್ರೇಡಿ ಸಾಹೇಬ ಕಿರುಚಿದ. ಕೈಯಲ್ಲಿ ಕಾಫಿ. ಬ್ಯಾಂಜೊ ಎಂದರೆ ಅವನ ಬೇಟೆನಾಯಿ. ಆ ಹೆಸರಿನ ಮುಂದೆ ನಾಲ್ಕು ಸೊನ್ನೆ ಒತ್ತಿದರೆ, ಹೆಂಗಸರು ನಿಂತು ಕೋಳಿ ಕೊಯ್ಯುವ ಸಾಲಿನ ತುದಿಯ ಕಂಪ್ಯೂಟರು ತೆರೆದುಕೊಳ್ಳುತ್ತಿತ್ತು. ಕೋಳಿಗಳನ್ನು ತಲೆಕೆಳಗಾಗಿ ನೇತುಹಾಕಿಕೊಂಡು ಓಡುವ ಸರಪಳಿಯನ್ನು ನಿಲ್ಲಿಸುವುದಕ್ಕೂ ಅದೇ, ಎಲ್ಲಿ ಸಿಕ್ಕಿಕೊಂಡಿದೆ ಎಂದು ಕ್ಯಾಮೆರಾದಲ್ಲಿ ನೋಡುವುದಕ್ಕೂ ಅದೇ. ಆ ಪಾಸ್‌ವರ್ಡು ಗ್ರೇಡಿಯೊಬ್ಬನಿಗೇ ಗೊತ್ತಿರಬೇಕೆಂಬುದು ಕಂಪನಿಯ ನಿಯಮ. ಆದರೆ ರಕ್ತ, ಜಿಡ್ಡು, ಐಸುನೀರು ತುಳಿದುಕೊಂಡು ಬರಲು ಅವನಿಗೇನು ಹುಚ್ಚೇ? ಹತ್ತಿರವಿದ್ದವಳು ಬೆರಳ ಗೆಣ್ಣಿನಿಂದ ಒತ್ತಬೇಕು. ಆ ಸಾಲಿನ ಕರಿಯ ಹೆಂಗಸರಿಗೆಲ್ಲ ನಾಯಿ ಹೆಸರು ತಮ್ಮ ಮಕ್ಕಳ ಹೆಸರಿನಷ್ಟೇ ಬಾಯಿಪಾಠವಾಗಿತ್ತು.

ಅದೇ ಸಾಲಿನ ಲುವೆನಿಯಾಳ ಕೈ ಸರಪಳಿಗೆ ಸಿಕ್ಕಿದ ದಿನ ಮಾತ್ರ ಸಾಹೇಬ ತಾನೇ ಕೆಳಗಿಳಿದು ಬಂದ. ಲುವೆನಿಯಾ ಅರಚುತ್ತಿದ್ದಳು. ಒತ್ತಲು ಓಡಿದ ವರ್ಲೀನಳ ರಟ್ಟೆ ಹಿಡಿದು ತಳ್ಳಿದ.

"ನಿಲ್ಸುದ್ರೆ ನಿನ್ ಚರ್ಮ ಸುಲೀತೀನಿ. ಲಾರಿ ಕಾಯ್ತಾ ನಿಂತೈತೆ."

ಸರಪಳಿ ನಿಲ್ಲಲಿಲ್ಲ. ಲುವೆನಿಯಾಳ ಬಲಗೈ ಹೋಯಿತು. ಅವಳು ಫೋನು ನೋಡುತ್ತಾ ತಾನೇ ಕೈ ಕೊಟ್ಟಳು ಎಂದು ಕಂಪನಿ ಹೇಳಿತು. ಮಾರನೆಯ ದಿನ ಮತ್ತೆ ಕೋಳಿ ಸಿಕ್ಕಿಕೊಂಡಿತು, ಮತ್ತೆ "ಒತ್ತೇ" ಎಂಬ ಕೂಗು ಬಂತು. ವರ್ಲೀನ್ ಒತ್ತಿದಳು. ಒತ್ತಿದವಳು ಹಾಗೆಯೇ ಹಿಂದಿನ ದಿನದ ಕ್ಯಾಮೆರಾ ಚಿತ್ರವನ್ನೂ ತೆಗೆದು, ತನ್ನ ಫೋನಿಗೆ ಇಳಿಸಿಕೊಂಡು ಲುವೆನಿಯಾಳಿಗೆ ಕೊಟ್ಟಳು.

ಆ ಚಿತ್ರ ಹೊರಬಿದ್ದದ್ದೇ ತಡ, ಸೂಟು ಹಾಕಿದ ಇಬ್ಬರು ಪೊಲೀಸರು ಸಾಲಿನ ನಡುವೆಯೇ ಬಂದು ಅವಳಿಗೆ ಬೇಡಿ ಹಾಕಿದರು.

"ಏಪ್ರನ್ನಾದ್ರೂ ಬಿಚ್ತೀನಿ ಇರ್ರಪ್ಪ."

"ಬ್ಯಾಡ, ಹಂಗೇ ನಡಿ."

ಬೆಳಗಿನಿಂದ ಕಕ್ಕಸಿಗೆ ಬಿಟ್ಟಿರಲಿಲ್ಲ. ಭಯಕ್ಕೆ ನಿಂತಲ್ಲೇ ಅವಳ ಕಾಲು ಒದ್ದೆಯಾಯಿತು. "ಥೂ, ಹೊಲಸು," ಎಂದು ಗ್ರೇಡಿ ಮೂಗು ಮುಚ್ಚಿಕೊಂಡ. ಹೆಂಗಸರು ತಲೆ ಎತ್ತದೆ ಕೋಳಿ ಕೊಯ್ಯುತ್ತಲೇ ಇದ್ದರು.

ಜಾಮೀನಿನ ಮೇಲೆ ಬಂದವಳಿಗೆ ಸರ್ಕಾರ ಒಬ್ಬ ಎಳೆ ವಕೀಲನನ್ನು ಕೊಟ್ಟಿತು. ಒಳ್ಳೆಯವನೇ, ಆದರೆ ಪಾಪ, ಹೊಸಬ.

"ನೋಡಿ ವರ್ಲೀನ್, ಅಪ್ಪಣೆ ಇಲ್ಲದೆ ಕಂಪ್ಯೂಟರ್ ಒಳಗೆ ಹೊಕ್ಕರು ಅಂತ ನಿಮ್ಮ ಮೇಲೆ ಕೇಸು. ಬಾಗಿಲು ನಿಮಗೆ ತೆರೆದಿತ್ತಾ ಇಲ್ವಾ, ಕೋರ್ಟು ನೋಡೋದು ಅಷ್ಟೇ. ತೆರೆದಿದ್ರೆ, ಒಳಗೆ ಹೋಗಿ ಯಾತಕ್ಕೆ ನೋಡಿದ್ರಿ ಅನ್ನೋದು ಈ ಕಾಯ್ದೆಗೆ ಬೇಡ. ಮೇಲಿನ ಕೋರ್ಟೇ ಹಾಗಂದಿದೆ."

"ತೆರೆದೋನು ಗ್ರೇಡಿನೇ ಅಲ್ವಾ ಸ್ವಾಮಿ? ದಿನಾ ಬೈದು ಬೈದು ಒತ್ತುಸ್ತಿದ್ನಲ್ಲ!"

"ಅವನು ಇಲ್ಲ ಅಂತಾನೆ. ನಿಮ್ಮ ಜೊತೆಯವರು ಯಾರಾದ್ರೂ ಬಂದು ಹೇಳ್ಬೇಕು. ಇಲ್ದಿದ್ರೆ ತಪ್ಪಾಯ್ತು ಅಂತ ಒಪ್ಕೊಂಡು ಬಿಡಿ, ಮನೆಗೆ ಹೋಗ್ಬೋದು. ಹಟ ಹಿಡಿದು ಸೋತ್ರೆ ಜೈಲು. ಮಗಳನ್ನ ಸರ್ಕಾರದವರು ಕರ್ಕೊಂಡು ಹೋಗ್ತಾರೆ."

ಮಗಳು ಶನೀಸ್‌ಗೆ ಇನ್ನೂ ಹಾಲುಹಲ್ಲು ಬೀಳುತ್ತಿದ್ದವು.

ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಒಬ್ಬೊಬ್ಬರನ್ನೂ ಅಂಗಲಾಚಿದಳು. ಪಕ್ಕದಲ್ಲೇ ನಿಂತು ಕೋಳಿ ಕೊಯ್ಯುತ್ತಿದ್ದ ಒಡೆಸ್ಸಾ ಸೆರಗಿಗೆ ಬೆಂಕಿ ಬಿದ್ದವಳ ಹಾಗೆ ಹಿಂದೆ ಸರಿದಳು.

"ನನ್ ಬಾಯಿ ಬಿಡುಸ್ಬ್ಯಾಡ ವರ್ಲೀನಕ್ಕ, ನಿನ್ ಕಾಲಿಗ್ ಬೀಳ್ತೀನಿ. ನಂಗೂ ಮಕ್ಳವ್ರೆ. ಒತ್ತಿದ್ದು ಹೌದು ಅಂದ್ರೆ ನಾಳೆ ನಂಗೂ ಬೇಡಿ ಹಾಕಲ್ವಾ?"

"ಅಯ್ಯೋ, ನಿನ್ನ ಬಯ್ಯಕ್ಕೆ ನಂಗೆ ಯಾವ ಮಕ ಐತೆ ಹೋಗವ್ವ. ಲುವೆನಿಯಾ ಕೈ ಹೋಗೋವಾಗ ನಾನೂ ಹೆದ್ರಿ ನಿಂತೋಳೇ ತಾನೆ," ಎಂದು ವರ್ಲೀನ್ ಮನೆಗೆ ಬಂದಳು.

ವಿಚಾರಣೆಯ ಬೆಳಿಗ್ಗೆ ಶನೀಸ್ ಗಂಜಿ ಕಲಸುತ್ತಾ, "ಅವ್ವ, ಸಾಯಂಕಾಲ ಬರ್ತೀಯಾ?" ಎಂದಳು. "ತಿನ್ನು, ಬಸ್ಸು ಹೋಗ್ತದೆ," ಎಂದಷ್ಟೇ ತಾಯಿ ಹೇಳಿದಳು.

ಕೋರ್ಟಿನಲ್ಲಿ ಗ್ರೇಡಿ ಬೈಬಲ್ ಮೇಲೆ ಕೈಯಿಟ್ಟ. ಹೊಸ ಟೈ ಕಟ್ಟಿದ್ದ.

"ದೇವರಾಣೆ, ಆ ಪಾಸ್‌ವರ್ಡ್ ನನ್ನ ಹೆಂಡತಿಗೂ ಗೊತ್ತಿಲ್ಲ, ಮಹಾಸ್ವಾಮಿ. ಈವಮ್ಮ ಕದ್ದು ನೋಡ್ಕೊಂಡವಳೆ."

"ಆ ಪಾಸ್‌ವರ್ಡ್ ಏನು?" ಎಂದರು ನ್ಯಾಯಾಧೀಶರು.

ಅವಳ ವಿರುದ್ಧ ವಾದಿಸುವ ಸರ್ಕಾರಿ ವಕೀಲ ಎದ್ದ. "ಕಂಪನಿಯ ಗುಟ್ಟು, ಸ್ವಾಮಿ. ಎಲ್ಲರ ಮುಂದೆ ಹೇಳಿಸಬಾರದು."

"ಸರಿ, ಬೇಡ." ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ವರ್ಲೀನಳನ್ನು ನೋಡಿದರು. "ತಪ್ಪು ಒಪ್ಪಿಕೊಳ್ಳಲು ಇನ್ನೂ ಅವಕಾಶ ಇದೆಯಮ್ಮ. ಏನಂತೀಯ?"

"ಹೂಂ ಅಂದ್ಬಿಡಿ," ಎಂದು ಅವಳ ವಕೀಲ ಪಿಸುಗುಟ್ಟಿದ.

ಅವಳು ಎದ್ದಳು. ಹೂಂ ಎನ್ನಲೆಂದೇ ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಒಂದು ವಾಸನೆ ಬಂತು. ಕ್ಲೋರಿನ್ ನೀರು, ಕೋಳಿ ಕೊಬ್ಬು, ಬೆವರು. ಎಷ್ಟು ತಿಕ್ಕಿ ತೊಳೆದರೂ ಹೋಗದ, ಸಾಲಿನ ಹೆಂಗಸರ ಆ ವಾಸನೆ. ತಿರುಗಿ ನೋಡುವ ಧೈರ್ಯ ಅವಳಿಗಿರಲಿಲ್ಲ. ನೋಡಿದರೆ ಅವರು ಎದ್ದು ಹೋಗಿಬಿಟ್ಟಾರು ಎಂಬ ಭಯ.

"ಬ್ಯಾಂಜೊ," ಎಂದಳು.

ಗ್ರೇಡಿಯ ಮುಖ ಕೆಂಪಾಯಿತು. ವರ್ಲೀನ್ ಮುಂದಿನದನ್ನು ಹೇಳಹೋದಳು. ಬಾಯಿ ಆಡಿತೇ ಹೊರತು ದನಿ ಬರಲಿಲ್ಲ. ಆಯಿತು, ಮುಗಿಯಿತು ನನ್ನ ಕಥೆ ಎಂದುಕೊಂಡಳು.

"ನಾಲ್ಕು ಸೊನ್ನೆ."

ಹಿಂದಿನ ಬೆಂಚಿನಿಂದ ಬಂದ ಆ ದನಿ ಒಡೆಸ್ಸಾಳದು.

"ಬ್ಯಾಂಜೊ, ನಾಲ್ಕು ಸೊನ್ನೆ," ಎಂದು ಇನ್ನೊಬ್ಬಳು ಎದ್ದಳು. ಅವಳ ಪಕ್ಕದವಳೂ ಎದ್ದಳು. ಬಿಳಿ ರಬ್ಬರ್ ಬೂಟು, ತಲೆಗೆ ಬಲೆಟೋಪಿ, ಪಾಳಿ ಮುಗಿಸಿ ನೆಟ್ಟಗೆ ಬಂದಿದ್ದ ಇಡೀ ಸಾಲಿಗೆ ಸಾಲೇ ಎದ್ದು ನಿಂತಿತು. ನ್ಯಾಯಾಧೀಶರು ಸುತ್ತಿಗೆ ಕುಟ್ಟಿದರು. "ಕೂತ್ಕೊಳ್ಳಿ! ಎಲ್ಲರನ್ನೂ ಒಳಗೆ ಹಾಕಿಸ್ತೀನಿ!" ಯಾರೂ ಕೂರಲಿಲ್ಲ.

ಬಾಗಿಲ ಬಳಿಯಿದ್ದ ಕಂಪನಿಯ ಮನುಷ್ಯ ಕತ್ತು ಹೊರಳಿಸಿ ಒಬ್ಬೊಬ್ಬರ ಮುಖವನ್ನೂ ಗುರುತು ಮಾಡಿಕೊಳ್ಳತೊಡಗಿದ. ಒಡೆಸ್ಸಾ ತಲೆಯ ಬಲೆಟೋಪಿ ಕಿತ್ತು ಅವನ ಕಡೆ ತಿರುಗಿದಳು.

"ಸರ್ಯಾಗ್ ನೋಡ್ಕೊಳೋ ಬೋಳಿಮಗನೆ. ನಾನೂ ಒತ್ತಿದೀನಿ."